ಬಡಿಸುವ ಕೈ, ಉತ್ತರ ಹೇಳುವ ಬಾಯಿ



ಈ ಉಪನ್ಯಾಸಕ್ಕೆ ಒಪ್ಪಿಕೊಂಡ ದಿನ ಸಂಘಟಕರು ಒಂದು ಸಣ್ಣ ಕೋರಿಕೆ ಇಟ್ಟರು: ‘ಡಾಕ್ಟರೇ, ಅಂಕಿ-ಅಂಶ ಸ್ವಲ್ಪ ಕಡಿಮೆ ಇರಲಿ.’ ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಮಧ್ಯಾಹ್ನದ ಊಟಕ್ಕೆ ಮುಂಚೆ ಹಸಿದ ಮಕ್ಕಳ ಶೇಕಡಾವಾರು ಕೇಳುವುದು ಯಾರಿಗೂ ಹಿತವಲ್ಲ. ತೀರಾ ಬೇಕಾದ ನಾಲ್ಕು ಅಂಕಿಗಳನ್ನು ಮೊದಲೇ ಹೇಳಿ ಮುಗಿಸಿಬಿಡುತ್ತೇನೆ, ಆಮೇಲೆ ಕಥೆಗೆ ಬರೋಣ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೇ ಸುತ್ತು ನಡೆದದ್ದು 2015-16ರಲ್ಲಿ, ಐದನೆಯದು 2019-21ರಲ್ಲಿ. ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳ ಪೈಕಿ ವಯಸ್ಸಿಗೆ ತಕ್ಕ ಎತ್ತರ ಬೆಳೆಯದವರು ಮೊದಲ ಲೆಕ್ಕದಲ್ಲಿ ಶೇ 36.2, ಎರಡನೆಯದರಲ್ಲಿ ಶೇ 35.4. ಎತ್ತರಕ್ಕೆ ತಕ್ಕ ತೂಕವಿಲ್ಲದೆ ತೀವ್ರವಾಗಿ ಸೊರಗಿದವರು ಶೇ 10.5ರಿಂದ 8.4ಕ್ಕೆ ಇಳಿದರು. ರಕ್ತಹೀನತೆ ಇಳಿಯುವ ಬದಲು ಶೇ 60.9ರಿಂದ 65.5ಕ್ಕೆ ಏರಿತು. ಈ ಅವಧಿಯಲ್ಲಿ ಸರ್ಕಾರ ಕೈಕಟ್ಟಿ ಕುಳಿತಿರಲಿಲ್ಲ ಎಂಬುದನ್ನೂ ಹೇಳಬೇಕು. ಮಕ್ಕಳಿಗೆ ಹಾಲು ಕೊಡುವ ಕ್ಷೀರಭಾಗ್ಯ 2013ರಲ್ಲೇ ಶುರುವಾಗಿತ್ತು. ಗರ್ಭಿಣಿ-ಬಾಣಂತಿಯರಿಗೆ ಅಂಗನವಾಡಿಯಲ್ಲೇ ಬಿಸಿಯೂಟ ಕೊಡುವ ಮಾತೃಪೂರ್ಣ 2017ರ ಗಾಂಧಿ ಜಯಂತಿಯಂದು ಬಂತು. ಯುನಿಸೆಫ್ ಇತ್ತು, ಮಠಗಳಿದ್ದವು, ಸ್ವಯಂಸೇವಾ ಸಂಸ್ಥೆಗಳಿದ್ದವು, ಕಂಪನಿಗಳ ಸಿಎಸ್‌ಆರ್ ಹಣವಿತ್ತು. ಇಷ್ಟು ಕೈ ಸೇರಿದರೂ ಎತ್ತರದ ಲೆಕ್ಕ ಐದು ವರ್ಷದಲ್ಲಿ ಒಂದಂಶವೂ ಇಳಿಯಲಿಲ್ಲ.

ಇದನ್ನು ಕೇಳಿದ ಕೂಡಲೇ ಸಾಮಾನ್ಯವಾಗಿ ಎರಡು ಉತ್ತರ ಬರುತ್ತವೆ. ಸರ್ಕಾರದ ಕೈಲಿ ಆಗೋದಿಲ್ಲ, ಸಂಸ್ಥೆಗಳಿಗೆ ವಹಿಸಿ ಅನ್ನುವುದು ಒಂದು. ಸಂಸ್ಥೆಗಳೆಲ್ಲ ಫೋಟೊ ಹೊಡೆಸಿಕೊಳ್ಳಲು ಬರುತ್ತವೆ, ಸರ್ಕಾರವೇ ಮಾಡಲಿ ಅನ್ನುವುದು ಇನ್ನೊಂದು. ಸರ್ಕಾರಿ ಆಸ್ಪತ್ರೆಗಳ ಮಕ್ಕಳ ವಾರ್ಡುಗಳಲ್ಲಿ ಕೆಲಸ ಮಾಡಿ ನಿವೃತ್ತನಾದ ನನಗೆ ಎರಡೂ ಅವಸರದ ಮಾತಾಗಿ ಕೇಳುತ್ತವೆ. ಇಬ್ಬರೂ ಕೂಡಿ ಬಡಿಸುವಾಗ ನಾಳೆ ಊಟ ಬರದಿದ್ದರೆ ತಾಯಿ ಯಾರನ್ನು ಹೋಗಿ ಕೇಳಬೇಕು? ನನ್ನ ಪ್ರಶ್ನೆ ಇಷ್ಟೇ. ಆ ಪ್ರಶ್ನೆಗೆ ಉತ್ತರ ಸಿಕ್ಕ ಕಡೆ ಸಹಾಯ ನಿಂತಿದೆ, ಸಿಗದ ಕಡೆ ಸಹಾಯ ಬಂದು ಹೋಗಿದೆ.

1960-70ರ ದಶಕದಲ್ಲಿ ಕನ್ನಡ ಶಾಲೆಯಲ್ಲಿ ಓದಿದವರು ಈ ಸಭೆಯಲ್ಲಿ ಹಲವರಿದ್ದೀರಿ. ‘ಕೇರ್ ಉಪ್ಪಿಟ್ಟು’ ನೆನಪಿರಬೇಕು. ಮೇಷ್ಟರು ಸ್ಲೇಟಿನ ಜೊತೆ ತಟ್ಟೆ-ಲೋಟ ತರಲು ಹೇಳುತ್ತಿದ್ದರು. ಹಾಲಿನ ಪುಡಿಯನ್ನು ಬಕೆಟ್‌ನಲ್ಲಿ ಕದಡಿದರೆ ಗಂಟು ಗಂಟಾಗುತ್ತಿತ್ತು, ಆ ಗಂಟನ್ನೇ ಅಂಗೈಯಲ್ಲಿ ಇಟ್ಟುಕೊಂಡು ನೆಕ್ಕುವುದು ನಮಗೆ ಹಬ್ಬ. ಎಣ್ಣೆಯ ಡಬ್ಬಿಯ ಮೇಲೆ ಎರಡು ಕೈ ಕುಲುಕುವ ಚಿತ್ರವಿರುತ್ತಿತ್ತು. ಊಟ ಮುಗಿದ ಮೇಲೆ ಆ ಡಬ್ಬಿ ಯಾರದೋ ಮನೆಯಲ್ಲಿ ಅಕ್ಕಿ ಅಳೆಯಲೋ ನೀರು ಸೇದಲೋ ಸೇರಿಹೋಗುತ್ತಿತ್ತು. ಅಮೆರಿಕ 1954ರಲ್ಲಿ ಮಾಡಿದ ಪಿಎಲ್-480 ಕಾನೂನಿನಡಿ ಅಲ್ಲಿನ ರೈತರ ಹೆಚ್ಚುವರಿ ಧಾನ್ಯ, ಎಣ್ಣೆ, ಹಾಲಿನ ಪುಡಿ ಹಡಗೇರಿ ಇಲ್ಲಿಗೆ ಬರುತ್ತಿತ್ತು. ಕೇರ್ ಸಂಸ್ಥೆ ಅದನ್ನು ತಂದು ಕೊಡುತ್ತಿತ್ತು, ಸರ್ಕಾರ ಶಾಲೆಗಳಿಗೆ ಹಂಚುತ್ತಿತ್ತು.

ಆ ಉಪ್ಪಿಟ್ಟು ತಿಂದು ಬೆಳೆದವನು ಅದನ್ನು ಹಳಿದರೆ ನಾಲಿಗೆಗೆ ದ್ರೋಹ. ಆದರೂ ಆ ವ್ಯವಸ್ಥೆಯಲ್ಲಿ ಏನು ಬೇಯಿಸಬೇಕು ಎನ್ನುವುದನ್ನು ತೀರ್ಮಾನಿಸುತ್ತಿದ್ದದ್ದು ಇಲ್ಲಿನ ಮಗುವಿನ ಹಸಿವಲ್ಲ, ಅಲ್ಲಿನ ಉಗ್ರಾಣದಲ್ಲಿ ಏನು ಮಿಕ್ಕಿತ್ತು ಎನ್ನುವುದು. ರಾಗಿ ಬೆಳೆಯುವ ಊರಿನ ಮಗು ಮೆಕ್ಕೆಜೋಳ-ಸೋಯಾ ಹಿಟ್ಟು ತಿಂದಿತು. ಹಡಗು ತಡವಾದ ತಿಂಗಳು ಮೇಷ್ಟರು ‘ಇವತ್ತು ಸ್ಟಾಕ್ ಇಲ್ಲ’ ಅನ್ನುತ್ತಿದ್ದರು, ಮಕ್ಕಳು ಮನೆಗೆ ಹೋಗುತ್ತಿದ್ದವು. ಸ್ಟಾಕ್ ಯಾಕಿಲ್ಲ ಎಂದು ಕೇಳಲು ಅಪ್ಪ-ಅಮ್ಮಂದಿರಿಗೆ ಒಂದು ಬಾಗಿಲೂ ಇರಲಿಲ್ಲ. ದಾನದ ಹಸುವಿನ ಹಲ್ಲು ಎಣಿಸಬಾರದು ಎನ್ನುವ ಗಾದೆಯನ್ನು ನಾವೆಲ್ಲ ಬಲು ಶ್ರದ್ಧೆಯಿಂದ ಪಾಲಿಸಿದೆವು.

ಅದಕ್ಕೂ ತುಸು ಮೊದಲು, ಅದೇ ಹಾಲಿನ ವಿಷಯದಲ್ಲಿ, ಗುಜರಾತಿನ ಆನಂದ್ ಪಟ್ಟಣದಲ್ಲಿ ಬೇರೆ ತರಹದ ಒಪ್ಪಂದ ನಡೆಯಿತು. ಅಲ್ಲಿನ ಸಹಕಾರಿ ಸಂಘಕ್ಕೆ ಯುನಿಸೆಫ್ ಹಾಲಿನ ಪುಡಿಯನ್ನು ಕೊಡಲಿಲ್ಲ, ಪುಡಿ ಮಾಡುವ ಯಂತ್ರವನ್ನು ಕೊಟ್ಟಿತು. ಅದಕ್ಕೆ ಪ್ರತಿಯಾಗಿ ಜಿಲ್ಲೆಯ ಮಕ್ಕಳಿಗೆ ಹಾಲು ಒದಗಿಸಬೇಕು ಎಂಬ ಕರಾರಿತ್ತು. 1955ರಲ್ಲಿ ನೆಹರೂ ಆ ಡೇರಿಯನ್ನು ಉದ್ಘಾಟಿಸಿದರು. ಮುಂದೆ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ, ನಮ್ಮ ಬಾಯಲ್ಲಿ ಸಿಎಫ್‌ಟಿಆರ್‌ಐ, ಎಮ್ಮೆಯ ಹಾಲಿನಿಂದ ಶಿಶು ಆಹಾರ ಮಾಡುವ ವಿಧಾನ ಕಂಡುಹಿಡಿದು ಆ ಡೇರಿಗೇ ಕೊಟ್ಟಿತು. ಎಮ್ಮೆ ಹಾಲಿನಿಂದ ಅದು ಸಾಧ್ಯವಿಲ್ಲ ಎಂದು ಹೊರಗಿನ ತಜ್ಞರು ಹೇಳುತ್ತಿದ್ದ ದಿನಗಳವು. ಕರ್ನಾಟಕದಲ್ಲಿ 1970ರ ದಶಕದ ಮಧ್ಯದಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಹೈನು ಅಭಿವೃದ್ಧಿ ಯೋಜನೆ ಬಂತು, ಹಳ್ಳಿ ಹಳ್ಳಿಯಲ್ಲಿ ಡೇರಿ ಆಯಿತು. 2013ರ ಆಗಸ್ಟಿನಲ್ಲಿ ಕ್ಷೀರಭಾಗ್ಯ ಶುರುವಾದಾಗ ಮಕ್ಕಳ ಲೋಟಕ್ಕೆ ಬಿದ್ದ ಪುಡಿ ನಂದಿನಿಯದು, ಹಣ ರಾಜ್ಯದ ಬಜೆಟ್ಟಿನದು. ನೆರವು ಅಂದರೆ ಹೆಪ್ಪು ಎಂದು ನಾನು ಭಾವಿಸಿದ್ದೇನೆ. ಪಾತ್ರೆಯ ತುಂಬ ಹೆಪ್ಪನ್ನೇ ಸುರಿದರೆ ಮೊಸರಾಗುವುದಿಲ್ಲ, ಹಾಲು ಮನೆಯದೇ ಇರಬೇಕು.

ಅಂಗನವಾಡಿಯ ಹುಟ್ಟಿನಲ್ಲೂ ಇದೇ ಹದ ಸ್ವಲ್ಪ ಮಟ್ಟಿಗೆ ಇತ್ತು. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದ 33 ಕಡೆ ಪ್ರಯೋಗವಾಗಿ ಆರಂಭವಾಯಿತು. ನಮ್ಮ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ ಅವುಗಳಲ್ಲೊಂದು. ತೂಕದ ಯಂತ್ರ, ಜೀಪು, ತರಬೇತಿಗೆ ಯುನಿಸೆಫ್ ನೆರವಾಯಿತು. ಹಲವು ರಾಜ್ಯಗಳಲ್ಲಿ ಆಹಾರ ಕೇರ್‌ನಿಂದ ಬಂತು. ಆದರೆ ಕಾರ್ಯಕರ್ತೆಯನ್ನು ನೇಮಿಸಿದ್ದು, ಗೌರವಧನ ಕೊಟ್ಟದ್ದು, ರಿಜಿಸ್ಟರ್ ಇಟ್ಟದ್ದು ಸರ್ಕಾರ. ಆಕೆಯ ಗೌರವಧನ ಎಂದೂ ಗೌರವದ ಮಟ್ಟಕ್ಕೆ ಏರಲಿಲ್ಲ ಎನ್ನುವುದು ಬೇರೆ ಮಾತು. ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಅಹೋರಾತ್ರಿ ಧರಣಿ ಕುಳಿತ ಆ ಅಕ್ಕಂದಿರನ್ನು ನೋಡಿದವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಊಟ ಯಾಕಿಲ್ಲ ಎಂದು ಕೇಳುವ ‘ಬಾಗಿಲು’ ಸಿಕ್ಕಿದ್ದು 2001ರಲ್ಲಿ. ಆ ವರ್ಷ ರಾಜಸ್ಥಾನದಲ್ಲಿ ಬರ, ಆಹಾರ ನಿಗಮದ ಗೋದಾಮುಗಳಲ್ಲಿ ಧಾನ್ಯ ಕೊಳೆಯುತ್ತಿದೆ. ಪಿಯುಸಿಎಲ್ ಎಂಬ ನಾಗರಿಕ ಹಕ್ಕುಗಳ ಸಂಘಟನೆ ಸುಪ್ರೀಂ ಕೋರ್ಟಿಗೆ ಹೋಯಿತು. ನವೆಂಬರ್ 28ರ ಆದೇಶದಲ್ಲಿ ಕೋರ್ಟು, ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳಲ್ಲಿ ಬೇಯಿಸಿದ ಊಟವನ್ನೇ ಕೊಡಬೇಕು, ಕನಿಷ್ಠ 300 ಕ್ಯಾಲೊರಿ, 8ರಿಂದ 12 ಗ್ರಾಂ ಪ್ರೋಟೀನು, ವರ್ಷಕ್ಕೆ ಕನಿಷ್ಠ 200 ದಿನ ಎಂದಿತು. ಮೂಟೆಯಲ್ಲಿ ಅಕ್ಕಿ ಹಂಚಿ ಕೈತೊಳೆದುಕೊಳ್ಳುತ್ತಿದ್ದ ರಾಜ್ಯಗಳು ಒಲೆ ಹೂಡಬೇಕಾಯಿತು. ಕರ್ನಾಟಕದಲ್ಲಿ 2002ರಲ್ಲಿ ಈಶಾನ್ಯದ ಜಿಲ್ಲೆಗಳಿಂದ ಅಕ್ಷರ ದಾಸೋಹ ಶುರುವಾಗಿ ಮರುವರ್ಷ ಇಡೀ ರಾಜ್ಯಕ್ಕೆ ಬಂತು. 2006ರ ಇನ್ನೊಂದು ಆದೇಶ ಅಂಗನವಾಡಿಯನ್ನೂ ಕೇಳಿ ಪಡೆಯುವ ಹಕ್ಕಾಗಿಸಿತು. 2013ರಲ್ಲಿ ಆಹಾರ ಭದ್ರತಾ ಕಾಯ್ದೆ ಬಂತು. ನೆರವು ಸಂಸ್ಥೆ ಎಂದರೆ ಅನ್ನ ಹೊತ್ತು ತರುವವರು ಮಾತ್ರ ಎಂದುಕೊಳ್ಳುವವರಿಗೆ ಇದನ್ನು ಹೇಳಬೇಕು. ಆ ಸಂಘಟನೆ ಒಂದು ಪಾವು ಅಕ್ಕಿಯನ್ನೂ ಹಂಚಲಿಲ್ಲ. ದೇಶದ ಕೋಟ್ಯಂತರ ಮಕ್ಕಳ ಊಟಕ್ಕೆ ಅದು ಕೊಟ್ಟದ್ದು ಒಂದು ಅರ್ಜಿ.

ಬೆಂಗಳೂರಿನಲ್ಲಿ ಅಕ್ಷಯ ಪಾತ್ರೆ ಎಂಬ ಸಂಸ್ಥೆ 2000ದಲ್ಲೇ, ಕೋರ್ಟಿನ ಆದೇಶಕ್ಕೂ ಮುಂಚೆ, ಐದು ಶಾಲೆಗಳ ಸಾವಿರದೈನೂರು ಮಕ್ಕಳಿಗೆ ಬಡಿಸಲು ಶುರುಮಾಡಿತ್ತು. ಹುಬ್ಬಳ್ಳಿಯ ಅಡುಗೆಮನೆಯಲ್ಲಿ ಬೆಳಗಿನ ಜಾವ ಸಾಂಬಾರು ಕುದಿಯುವ ಕೊಪ್ಪರಿಗೆ ನೋಡಿದರೆ ಯಾರಾದರೂ ಬೆರಗಾಗುತ್ತಾರೆ. ನಾನೂ ಆಗಿದ್ದೇನೆ. ಆದರೆ 2018-19ರಲ್ಲಿ ಸಂಸ್ಥೆ ಅಡುಗೆಗೆ ಈರುಳ್ಳಿ-ಬೆಳ್ಳುಳ್ಳಿ ಹಾಕುವುದಿಲ್ಲ ಎಂಬ ತಕರಾರು ಎದ್ದಾಗ ಒಂದು ವಿಷಯ ಬಯಲಿಗೆ ಬಂತು. ಅನುದಾನ ಸರ್ಕಾರದ್ದು, ಅಕ್ಕಿ ಸರ್ಕಾರದ್ದು, ಅಡುಗೆಯ ಪದ್ಧತಿ ಮಾತ್ರ ಸಂಸ್ಥೆಯದು. ಪೋಷಕಾಂಶದ ಮಟ್ಟ ಸರಿಯಿದೆ ಎಂದು ಪ್ರಯೋಗಾಲಯ ಹೇಳಬಹುದು. ಬೆಳ್ಳುಳ್ಳಿ ಒಗ್ಗರಣೆಯಿಲ್ಲದ ಸಾರನ್ನು ಹುಬ್ಬಳ್ಳಿಯ ಹುಡುಗ ತಟ್ಟೆಯಲ್ಲೇ ಬಿಟ್ಟರೆ ಆ ಪೋಷಕಾಂಶ ಸೇರುವುದು ಚರಂಡಿಗೆ. ಸಂಸ್ಥೆಗೆ ತನ್ನ ನಂಬಿಕೆ ಇರಲಿ, ಅದು ಅವರ ಹಕ್ಕು. ಸಾರ್ವಜನಿಕ ಊಟದ ಪಟ್ಟಿಯನ್ನು ಆ ನಂಬಿಕೆಗೆ ಬಿಟ್ಟುಕೊಡುವ ಹಕ್ಕು ಸರ್ಕಾರಕ್ಕಿಲ್ಲ ಎಂಬುದು ನನ್ನ ಅಭಿಪ್ರಾಯ.

ಇನ್ನು ನನ್ನ ವೃತ್ತಿಗೆ ಹತ್ತಿರದ ವಿಷಯಕ್ಕೆ ಬರುತ್ತೇನೆ. ಅಂಗನವಾಡಿಯ ಟೇಪನ್ನು ನೀವು ನೋಡಿರುತ್ತೀರಿ. ಮಗುವಿನ ಎಡಗೈಯ ಭುಜಕ್ಕೂ ಮೊಣಕೈಗೂ ನಡುವೆ ಸುತ್ತಿ ನೋಡುವ ಮೂರು ಬಣ್ಣದ ಪಟ್ಟಿ. ಹನ್ನೆರಡೂವರೆ ಸೆಂಟಿಮೀಟರಿಗಿಂತ ದಪ್ಪಗಿದ್ದರೆ ಹಸಿರು, ಹನ್ನೊಂದೂವರೆಗಿಂತ ಸಣ್ಣಗಿದ್ದರೆ ಕೆಂಪು, ನಡುವೆ ಹಳದಿ. ಕೆಂಪಿನಲ್ಲಿರುವ ಮಗುವಿಗೆ ಸಾಮಾನ್ಯ ಭೇದಿಯೂ ಪ್ರಾಣಾಂತಿಕ. ಅಂಥ ಮಗುವನ್ನು ಜಿಲ್ಲಾ ಆಸ್ಪತ್ರೆಯ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ, ನಾವು ಎನ್‌ಆರ್‌ಸಿ ಅನ್ನುವಲ್ಲಿಗೆ, ಎರಡು ವಾರ ಸೇರಿಸುವ ವ್ಯವಸ್ಥೆ ಇದೆ. ಮೊದಲು ಎಫ್-75 ಎಂಬ ತೆಳು ಹಾಲು, ಮಗು ಚೇತರಿಸಿಕೊಂಡ ಮೇಲೆ ಎಫ್-100. ತಾಯಿಗೆ ಊಟ, ಕೂಲಿ ನಷ್ಟಕ್ಕೆ ದಿನಕ್ಕಿಷ್ಟು ಎಂದು ಹಣ. ಕಾಗದದಲ್ಲಿ ಎಲ್ಲವೂ ಸರಿಯಾಗಿದೆ.

ಹೈದರಾಬಾದ್ ಕರ್ನಾಟಕ ಎಂದೇ ಕರೆಯುತ್ತಿದ್ದ ಕಾಲದಲ್ಲಿ ಅಲ್ಲಿನ ಒಂದು ಆಸ್ಪತ್ರೆಯಲ್ಲಿ ನಾನಿದ್ದೆ. ಬೆಳಗಿನ ರೌಂಡ್ಸ್‌ಗೆ ಹೋದರೆ ಒಂದು ಮಂಚ ಖಾಲಿ. ಹಾಸಿಗೆಯ ಮೇಲೆ ಮಡಚಿಟ್ಟ ಚಾದರ, ಅದರ ಮೇಲೆ ತೊಳೆದು ಬೋರಲು ಹಾಕಿದ ಆಸ್ಪತ್ರೆಯ ಲೋಟ. ತಾಯಿ ಗೇಟಿನ ಹತ್ತಿರ ಬಸ್ಸಿಗೆ ಕಾಯುತ್ತಿದ್ದಳು, ಮಗು ಸೊಂಟದಲ್ಲಿತ್ತು. ‘ಇನ್ನೊಂದು ವಾರ ಇರಮ್ಮ, ಕೂಸು ಈಗಷ್ಟೇ ಹಾಲು ಕುಡೀಲಿಕ್ಕೆ ಹತ್ತೈತಿ’ ಅಂದೆ. ಆಕೆ ಸಿಟ್ಟಾಗಲಿಲ್ಲ. ‘ಮನ್ಯಾಗ ಇನ್ನೂ ಎರಡು ಅದಾವ್ರಿ ಸಾಹೇಬ್ರ. ಅವಕ್ಕ ಯಾರ್ ಉಣಸ್ತಾರ್ರಿ? ಹತ್ತಿ ಬಿಡಸಾಕ್ ಹೋಗಲಿಲ್ಲಂದ್ರ ಈ ವರ್ಷದ ಉದ್ರಿ ಹೆಂಗ್ ತೀರಸ್ಲಿ?’ ನನ್ನ ಹತ್ತಿರ ಉತ್ತರ ಇರಲಿಲ್ಲ. ಕೈಯಲ್ಲಿದ್ದ ಔಷಧಿ ಚೀಟಿಯ ಹಿಂದೆ ಏನೋ ಬರೆದು ಕೊಟ್ಟೆ. ಬಸ್ ಬಂತು.

ಇಂಥ ತಾಯಂದಿರ ಕಷ್ಟವನ್ನು ನೋಡಿಯೇ ಆಫ್ರಿಕಾದಲ್ಲಿ ಕೆಲವು ವೈದ್ಯರು ಚಿಕಿತ್ಸೆಯನ್ನು ಆಸ್ಪತ್ರೆಯಿಂದ ಮನೆಗೆ ತಂದರು. ಫ್ರಾನ್ಸಿನ ಮಕ್ಕಳ ವೈದ್ಯ ಆಂದ್ರೆ ಬ್ರಿಯಾಂ ಮತ್ತು ಎಂಜಿನಿಯರ್ ಮಿಷೆಲ್ ಲೆಸ್ಕಾನ್ 1996ರಲ್ಲಿ ಕಡಲೆಕಾಯಿ ಹಿಟ್ಟು, ಹಾಲಿನ ಪುಡಿ, ಸಕ್ಕರೆ, ಎಣ್ಣೆ, ಜೀವಸತ್ವ, ಖನಿಜ ಬೆರೆಸಿ ಒಂದು ಲೇಹ್ಯ ಮಾಡಿದರು. 92 ಗ್ರಾಮಿನ ಪೊಟ್ಟಣದಲ್ಲಿ 500 ಕ್ಯಾಲೊರಿ. ನೀರು ಬೆರೆಸಬೇಕಿಲ್ಲ, ಬೇಯಿಸಬೇಕಿಲ್ಲ, ಮಗು ಪೊಟ್ಟಣದ ತುದಿ ಹಿಡಿದು ಚೀಪುತ್ತದೆ. 2005ರಲ್ಲಿ ನೈಜರ್ ದೇಶದಲ್ಲಿ ಬರ ಬಿದ್ದಾಗ ಎಂಎಸ್‌ಎಫ್ ಎಂಬ ಅಂತರರಾಷ್ಟ್ರೀಯ ನೆರವು ಸಂಸ್ಥೆಯ ವೈದ್ಯರು ಅದನ್ನೇ ಹಿಡಿದು ಅರವತ್ತು ಸಾವಿರಕ್ಕೂ ಹೆಚ್ಚು ಮಕ್ಕಳಿಗೆ ಚಿಕಿತ್ಸೆ ಕೊಟ್ಟರು, ಬಹುಪಾಲು ಮಕ್ಕಳಿಗೆ ಮನೆಯಲ್ಲೇ. ಬೇರೆ ತೊಂದರೆ ಇಲ್ಲದ, ಹಸಿವಿರುವ ಮಗುವನ್ನು ಆಸ್ಪತ್ರೆಗೆ ಸೇರಿಸಬೇಕಿಲ್ಲ ಎಂದು 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಮುಂತಾದವು ಜಂಟಿಯಾಗಿ ಹೇಳಿದವು.

ಆ ಪೊಟ್ಟಣ ಭಾರತಕ್ಕೆ ಬಂದ ಕಥೆ ಸುಖಾಂತವಲ್ಲ. ಬಿಹಾರ, ಮಧ್ಯಪ್ರದೇಶಗಳಿಗೆ ಯುನಿಸೆಫ್ ತರಿಸಿದ್ದ ದಾಸ್ತಾನನ್ನು 2009ರಲ್ಲಿ ಕೇಂದ್ರ ಸರ್ಕಾರ ಆಕ್ಷೇಪಿಸಿ ವಾಪಸ್ ಕಳಿಸಿತು. ತನ್ನ ಒಪ್ಪಿಗೆ ಕೇಳಿರಲಿಲ್ಲ ಎಂಬುದು ಸರ್ಕಾರದ ದೂರು. ಅದೇ ವರ್ಷ ಎಂಎಸ್‌ಎಫ್ ಬಿಹಾರದ ದರ್ಭಂಗಾ ಜಿಲ್ಲೆಯ ಬಿರೌಲ್‌ನಲ್ಲಿ ರಾಜ್ಯದ ಆರೋಗ್ಯ ವ್ಯವಸ್ಥೆಯ ಜೊತೆ ಸೇರಿ ಸಮುದಾಯ ಚಿಕಿತ್ಸೆ ಶುರುಮಾಡಿ ವರ್ಷಗಟ್ಟಲೆ ನಡೆಸಿತು, ಸಾವಿರಾರು ಮಕ್ಕಳು ಗುಣವಾದರು. ಆದರೂ 2017ರಲ್ಲಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ, ಪೊಟ್ಟಣದ ಆಹಾರ ನಮ್ಮ ನೀತಿಯಲ್ಲ ಎಂದು ರಾಜ್ಯಗಳಿಗೆ ಬರೆಯಿತು.

ಈ ಜಗಳದಲ್ಲಿ ನಾನು ಯಾವ ಪಕ್ಷ ಎಂದು ಕಿರಿಯ ವೈದ್ಯರು ಕೇಳುತ್ತಾರೆ. ವಿರೋಧಿಸಿದವರನ್ನು ನಾನು ಹಗುರವಾಗಿ ನೋಡುವುದಿಲ್ಲ. ತಯಾರಿಕೆಯ ಪೇಟೆಂಟು ಒಂದು ಫ್ರೆಂಚ್ ಕಂಪನಿಯ ಕೈಯಲ್ಲಿದ್ದ ಕಾಲ ಅದು. ಡಬ್ಬಿ ಹಾಲಿನ ಕಂಪನಿಗಳು ಆಸ್ಪತ್ರೆಯ ಹೆರಿಗೆ ವಾರ್ಡಿಗೇ ನುಗ್ಗಿ ತಾಯಿಹಾಲನ್ನು ಬಿಡಿಸಿದ್ದನ್ನು ನನ್ನ ತಲೆಮಾರಿನ ವೈದ್ಯರು ಕಣ್ಣಾರೆ ಕಂಡಿದ್ದಾರೆ. ಅದನ್ನು ತಡೆಯಲು 1992ರಲ್ಲಿ ಒಂದು ಕಾಯ್ದೆಯೇ ಬೇಕಾಯಿತು. ಹಾಲಿನಲ್ಲಿ ಬಾಯಿ ಸುಟ್ಟವರು ಮಜ್ಜಿಗೆಯನ್ನೂ ಊದಿ ಕುಡಿದರೆ ತಪ್ಪಿಲ್ಲ. ಆದರೆ ಬೇಡ ಎಂದವರು ಅದರ ಜಾಗಕ್ಕೆ ಬೇರೆ ಏನನ್ನು ತಂದರು? ಕಡಲೆಕಾಯಿ, ಬೆಲ್ಲ, ಹಾಲಿನ ಪುಡಿ ಇಲ್ಲೇ ಉಂಟು, ಸಿಎಫ್‌ಟಿಆರ್‌ಐಯಂಥ ಸಂಸ್ಥೆ ಉಂಟು, ಮಹಿಳಾ ಸಂಘಗಳುಂಟು. ಆಸ್ಪತ್ರೆಗೆ ಬರಲಾಗದ ಮಗುವಿಗೆ ಅಂಗನವಾಡಿಯ ಮಟ್ಟದಲ್ಲಿ ಏನು ಮಾಡಬೇಕು ಎಂಬ ರಾಷ್ಟ್ರೀಯ ಮಾರ್ಗಸೂಚಿ ಕೇಂದ್ರದಿಂದ ಹೊರಬಂದದ್ದು 2023ರ ಅಕ್ಟೋಬರಿನಲ್ಲಿ. 2007ರಿಂದ 2023. ಸಂಸ್ಥೆ ಸರ್ಕಾರವನ್ನು ಕೇಳದೆ ಬಂತು, ಸರ್ಕಾರ ಪೊಟ್ಟಣವನ್ನು ವಾಪಸ್ ಕಳಿಸಿ ಸುಮ್ಮನಾಯಿತು. ಕೆಂಪು ಪಟ್ಟಿಯ ಮಗು ಇಬ್ಬರ ಮರ್ಯಾದೆಯ ನಡುವೆ ಹದಿನಾರು ವರ್ಷ ಕಾಯಿತು.

ಒಳ್ಳೆಯ ಜೋಡಿ ಹೇಗಿರುತ್ತದೆ ಎಂದು ತೋರಿಸಲು ದೂರ ಹೋಗಬೇಕಿಲ್ಲ, ನಮ್ಮ ಬೀದರ್-ಕಲಬುರಗಿಯ ಗಡಿ ದಾಟಿದರೆ ಸಾಕು. ಮರಾಠವಾಡಾದ ಔರಂಗಾಬಾದ್ ವಿಭಾಗದಲ್ಲಿ ಮಕ್ಕಳ ಅಪೌಷ್ಟಿಕತೆ ತಗ್ಗಿಸಲು ಆಡಳಿತ ನಡೆಸಿದ ಪ್ರಯೋಗವೊಂದು ಬೆಳೆದು 2005ರಲ್ಲಿ ರಾಜಮಾತಾ ಜಿಜಾವು ಮಿಷನ್ ಆಯಿತು. ಐಎಎಸ್ ಅಧಿಕಾರಿ ವಿ. ರಮಣಿ ಅದರ ಮೊದಲ ಮುಖ್ಯಸ್ಥರು. ಮಿಷನ್ನಿನ ಸಣ್ಣ ತಂಡದ ಖರ್ಚಿಗೆ ಯುನಿಸೆಫ್ ನೆರವಿತ್ತು. ಅದು ಒಂದು ಹಿಡಿ ಆಹಾರವನ್ನೂ ಹಂಚಲಿಲ್ಲ, ಹೊಸ ಯೋಜನೆಯನ್ನೂ ತರಲಿಲ್ಲ. ಖಾಲಿ ಇರುವ ಅಂಗನವಾಡಿ ಹುದ್ದೆ ತುಂಬಿಸಿ, ಎಲ್ಲ ಮಕ್ಕಳನ್ನೂ ತೂಗಿ, ಆರೋಗ್ಯ ಇಲಾಖೆಯವರೂ ಶಿಶು ಅಭಿವೃದ್ಧಿಯವರೂ ಒಂದೇ ದಿನ ಒಂದೇ ಹಳ್ಳಿಗೆ ಹೋಗಿ ಎಂದು ಬೆನ್ನು ಬೀಳುವುದೇ ಅದರ ಕೆಲಸ. ಎರಡು ಇಲಾಖೆಯ ಜೀಪು ಒಂದೇ ಹಳ್ಳಿಯಲ್ಲಿ ಒಂದೇ ದಿನ ನಿಲ್ಲುವುದು ಎಷ್ಟು ದೊಡ್ಡ ಸಾಧನೆ ಎಂಬುದು ಸರ್ಕಾರಿ ನೌಕರಿ ಮಾಡಿದವರಿಗೆ ಮಾತ್ರ ಗೊತ್ತು. ತೀವ್ರವಾಗಿ ಸೊರಗಿದ ಮಕ್ಕಳಿಗೆ ಅಂಗನವಾಡಿಯಲ್ಲೇ ಮೂವತ್ತು ದಿನ ದಿನಕ್ಕೆ ಹಲವು ಸಲ ಉಣಿಸುವ ಗ್ರಾಮ ಬಾಲ ವಿಕಾಸ ಕೇಂದ್ರಗಳು ಆಮೇಲೆ ಬಂದವು.

2012ರಲ್ಲಿ ಮಹಾರಾಷ್ಟ್ರ ತನ್ನದೇ ಸಮೀಕ್ಷೆ ಮಾಡಿಸಿತು. ಎರಡು ವರ್ಷದೊಳಗಿನ ಮಕ್ಕಳಲ್ಲಿ ಎತ್ತರ ಕುಂಠಿತರಾದವರು 2005-06ರಲ್ಲಿ ಶೇ 39 ಇದ್ದವರು ಶೇ 23ಕ್ಕೆ ಇಳಿದಿದ್ದರು. ಇದೆಲ್ಲ ಮಿಷನ್ನಿನಿಂದಲೇ ಆಯಿತು ಎಂದು ನಾನು ಹೇಳಲಾರೆ. ಆ ವರ್ಷಗಳಲ್ಲಿ ಆದಾಯವೂ ಏರಿತ್ತು, ಹೆಣ್ಣುಮಕ್ಕಳ ಓದೂ ಹೆಚ್ಚಿತ್ತು. ನನಗೆ ಮುಖ್ಯ ಅನಿಸಿದ್ದು ಎರಡು: ಮಿಷನ್ ಎರಡು ವರ್ಷದೊಳಗಿನವರ ಮೇಲೇ ಕಣ್ಣಿಟ್ಟಿತ್ತು, ಮತ್ತು ಲೆಕ್ಕ ತೆಗೆಯಲು ಹೊರಗಿನವರನ್ನು ಕರೆಯುವ ಧೈರ್ಯ ಸರ್ಕಾರಕ್ಕಿತ್ತು. ಎಲ್ಲ ಸರ್ಕಾರಗಳಿಗೂ ಅದು ಇರುವುದಿಲ್ಲ. 2013-14ರಲ್ಲಿ ಕೇಂದ್ರ ಸರ್ಕಾರವೇ ಯುನಿಸೆಫ್ ಜೊತೆ ಸೇರಿ ದೇಶದ ಮಕ್ಕಳ ಸಮೀಕ್ಷೆ ಮಾಡಿಸಿ, ಫಲಿತಾಂಶವನ್ನು ಬಹುಕಾಲ ಬೀರುವಿನಲ್ಲಿಟ್ಟಿತು. ಒಂದು ವಿದೇಶಿ ಪತ್ರಿಕೆಗೆ ಅದು ಸೋರಿದ ಮೇಲೆ ಜನಕ್ಕೆ ಗೊತ್ತಾಯಿತು. ಸಂಸ್ಥೆಯ ಬಾಯಿಯೂ ಆಗ ಕಟ್ಟಿಹೋಗಿತ್ತು. ಸರ್ಕಾರದ ಒಪ್ಪಿಗೆಯಿಂದ ಇರಬೇಕಾದವರು ಸರ್ಕಾರಕ್ಕೆ ಬೇಡದ ಅಂಕಿಯನ್ನು ಹೇಗೆ ಹೇಳುತ್ತಾರೆ?

ಕೆಳಗಿನ ಮಟ್ಟದಲ್ಲೂ ಇದೇ ರೋಗವಿದೆ. ಕಾರ್ಯಕರ್ತೆ ಕೆಂಪು ಬರೆದರೆ ‘ಯಾಕಮ್ಮ ನಿನ್ನ ಕೇಂದ್ರದಲ್ಲಿ ಇಷ್ಟು ಕೆಂಪು?’ ಎಂದು ಸಭೆಯಲ್ಲಿ ನಿಲ್ಲಿಸಿ ಕೇಳುತ್ತಾರೆ. ಮುಂದಿನ ತಿಂಗಳು ಆ ಮಗು ಪುಸ್ತಕದಲ್ಲಿ ಹಳದಿಯಾಗುತ್ತದೆ. ಪುಸ್ತಕದ ಬದಲು ಮೊಬೈಲ್ ಆ್ಯಪ್ ಬಂದಿದೆ, ಬಣ್ಣ ಬದಲಿಸುವ ಕಾರಣ ಹಾಗೇ ಇದೆ.

ಎರಡು ವರ್ಷದೊಳಗಿನವರು ಅಂದೆನಲ್ಲ, ಅಲ್ಲಿಯೇ ನಮ್ಮ ದೊಡ್ಡ ತಪ್ಪು ಅಡಗಿದೆ. ಮಗು ಎತ್ತರ ಕಳೆದುಕೊಳ್ಳುವುದು ಬಹುಪಾಲು ಗರ್ಭದಲ್ಲಿ ಮತ್ತು ಹುಟ್ಟಿದ ಎರಡು ವರ್ಷದಲ್ಲಿ. ನಾವು ಸಾಲಾಗಿ ಕೂರಿಸಿ ಬಡಿಸುವುದು ಮೂರು ವರ್ಷ ತುಂಬಿದ ಮೇಲೆ. ಆರು ತಿಂಗಳ ಕೂಸನ್ನು ಸಾಲಿನಲ್ಲಿ ಕೂರಿಸಲಾಗದು, ಹಾಗಾಗಿ ಫೋಟೊ ಬರುವುದಿಲ್ಲ, ಫೋಟೊ ಬರದ ಕಡೆ ದಾನಿಯೂ ಬರುವುದಿಲ್ಲ, ಮಂತ್ರಿಯೂ ಬರುವುದಿಲ್ಲ. ಆ ಕೂಸಿನ ಹೊಟ್ಟೆ ಅದರ ಮುಷ್ಟಿಯಷ್ಟು. ದಿನಕ್ಕೆ ನಾಲ್ಕೈದು ಸಲ, ಮೆದುವಾಗಿ ಕಿವುಚಿ, ಒಂದು ಚಮಚ ಎಣ್ಣೆಯೋ ತುಪ್ಪವೋ ಹಾಕಿ, ಹೊತ್ತುಗೊತ್ತಿಗೆ ಉಣಿಸಲು ಯಾರಾದರೂ ಪಕ್ಕದಲ್ಲಿರಬೇಕು. ಅಂಗನವಾಡಿಯಿಂದ ಮನೆಗೆ ಒಯ್ಯುವ ಹಿಟ್ಟಿನ ಪೊಟ್ಟಣ ಆ ಕೆಲಸ ಮಾಡುವುದಿಲ್ಲ. ಅದನ್ನು ಮನೆಮಂದಿಯೆಲ್ಲ ಹಂಚಿಕೊಳ್ಳುತ್ತಾರೆ, ಕೆಲವೊಮ್ಮೆ ಎಮ್ಮೆಯೂ ಪಾಲು ಪಡೆಯುತ್ತದೆ. ಆರರಿಂದ ಇಪ್ಪತ್ತಮೂರು ತಿಂಗಳ ಮಕ್ಕಳಲ್ಲಿ ಸಾಕಷ್ಟು ಆಹಾರ ಸಿಗುತ್ತಿರುವವರು ದೇಶದಲ್ಲಿ ನೂರಕ್ಕೆ ಹನ್ನೊಂದು ಮಂದಿ ಎನ್ನುತ್ತದೆ ಐದನೇ ಸಮೀಕ್ಷೆ. (ಒಂದು ಅಂಕಿ ಹೆಚ್ಚಾಯಿತು, ಸಂಘಟಕರು ಕ್ಷಮಿಸಬೇಕು.)

ಛತ್ತೀಸಗಢದ ಬಿಲಾಸಪುರದ ಬಳಿ ಗನಿಯಾರಿಯಲ್ಲಿ ಜನ ಸ್ವಾಸ್ಥ್ಯ ಸಹಯೋಗ ಎಂಬ ವೈದ್ಯರ ಸಂಸ್ಥೆ ಇದೆ. ಕಾಡಿನ ಅಂಚಿನ ಹಳ್ಳಿಗಳಲ್ಲಿ ಅವರು ಫುಲ್ವಾರಿ ಎಂಬ ಶಿಶುಪಾಲನಾ ಮನೆಗಳನ್ನು ಶುರುಮಾಡಿದರು. ತಾಯಿ ಕೆಲಸಕ್ಕೆ ಹೋಗುವಾಗ ಆರು ತಿಂಗಳಿಂದ ಮೂರು ವರ್ಷದ ಕೂಸುಗಳನ್ನು ಬಿಟ್ಟುಹೋಗುತ್ತಾಳೆ, ಅದೇ ಊರಿನ ಹೆಂಗಸರು ಬಿಸಿ ಊಟ ಮಾಡಿ ಉಣಿಸುತ್ತಾರೆ. ಔಷಧಿಯಿಲ್ಲ, ಪೊಟ್ಟಣವಿಲ್ಲ. ಮುಂದೆ ರಾಜ್ಯ ಸರ್ಕಾರ ಆ ಮಾದರಿಯನ್ನು ತಾನೇ ಎತ್ತಿಕೊಂಡಿತು. ನಮ್ಮ ರಾಜ್ಯದಲ್ಲಿ 2023ರ ಬಜೆಟ್ಟಿನಲ್ಲಿ ಘೋಷಿಸಿದ ಕೂಸಿನ ಮನೆ ಇದೇ ದಾರಿಯದು: ನರೇಗಾ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗಾಗಿ 4,000 ಗ್ರಾಮ ಪಂಚಾಯಿತಿಗಳಲ್ಲಿ ಪಾಲನಾ ಕೇಂದ್ರ. ಆಸ್ಪತ್ರೆಯ ಗೇಟಿನಲ್ಲಿ ಆ ತಾಯಿ ಕೇಳಿದ ‘ಯಾರ್ ಉಣಸ್ತಾರ್ರಿ’ಗೆ ನಾನು ಕಂಡ ಮೊದಲ ಸರ್ಕಾರಿ ಉತ್ತರ ಇದು. ಎಲ್ಲ ಕಡೆ ಚೆನ್ನಾಗಿ ನಡೆಯುತ್ತಿದೆ ಎಂದು ನಾನು ಹೇಳುತ್ತಿಲ್ಲ. ಆರೈಕೆ ಮಾಡುವ ಹೆಂಗಸರ ಕೂಲಿ ತಿಂಗಳುಗಟ್ಟಲೆ ಬಾಕಿ ಉಳಿದರೆ ಕೂಸಿನ ಮನೆಗೆ ಬೀಗ ಬೀಳಲು ಹೆಚ್ಚು ದಿನ ಬೇಕಿಲ್ಲ. ಆದರೆ ಬೀಗ ಬಿದ್ದರೆ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಬಹುದು. ಸಂಸ್ಥೆಗಳ ಶಕ್ತಿ ಇಲ್ಲಿಗೆ ಹರಿಯಲಿ: ಆ ಹೆಂಗಸರಿಗೆ ತರಬೇತಿ ಕೊಡಲಿ, ತೂಕ ಸರಿಯಾಗಿ ನೋಡುವುದನ್ನು ಕಲಿಸಲಿ, ನಡೆಯದ ಕಡೆ ನಡೆಯುತ್ತಿಲ್ಲ ಎಂದು ಗಟ್ಟಿಯಾಗಿ ಹೇಳಲಿ.

ಕೊನೆಗೆ ಮೊಟ್ಟೆಯ ಮಾತು. ಅದನ್ನು ಆಡದೆ ಇಳಿದರೆ ನೀವೇ ಕೇಳುತ್ತೀರಿ. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ ಕೊಡಲು ಹೊರಟಾಗ ಕೆಲವು ಮಠಾಧೀಶರು ಬೇಡವೆಂದರು, ಮಕ್ಕಳು ಬೇಕೆಂದರು. ಆಗ ಮೊಟ್ಟೆ ಕೇಳಿದ ಹುಡುಗಿಯ ವಿಡಿಯೊ ನಿಮ್ಮ ಫೋನಿಗೂ ಬಂದಿರಬೇಕು. ಗದಗದ ಗ್ರಾಮೀಣಾಭಿವೃದ್ಧಿ ವಿಶ್ವವಿದ್ಯಾಲಯ ಮೊಟ್ಟೆ ಸಿಕ್ಕ ಯಾದಗಿರಿಯ ಮಕ್ಕಳನ್ನೂ ಸಿಗದ ಗದಗದ ಮಕ್ಕಳನ್ನೂ ತೂಗಿ ನೋಡಿ, ಯಾದಗಿರಿಯವರ ತೂಕ ಹೆಚ್ಚು ಏರಿದೆ ಎಂದಿತು. ಆಮೇಲೆ ಮೊಟ್ಟೆ ಇಡೀ ರಾಜ್ಯಕ್ಕೆ ಬಂತು, ವಾರಕ್ಕೆ ಎರಡು ದಿನವಾಯಿತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಷನ್ ಇನ್ನು ನಾಲ್ಕು ದಿನದ ಖರ್ಚು ತಾನು ಕೊಡುತ್ತೇನೆ ಎಂದಿತು. ಮೂರು ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿ. ವಾರಕ್ಕೆ ಆರು ದಿನ ಮೊಟ್ಟೆ.

ಇದು ಶಾಲೆಯ ಮಕ್ಕಳಿಗೆ, ನಾನು ಹೇಳಿದ ಎರಡು ವರ್ಷದೊಳಗಿನವರಿಗಲ್ಲ. ಹಾಗೆಂದು ಮೂಗು ಮುರಿಯಲಾರೆ. ಹದಿಮೂರರ ಹುಡುಗಿ ಇವತ್ತು ತಿಂದ ಮೊಟ್ಟೆ ಹತ್ತು ವರ್ಷದ ಮೇಲೆ ಆಕೆಯ ಕೂಸಿನ ತೂಕದಲ್ಲಿ ಕಾಣಿಸಬಹುದು. ಆದರೆ ಹೆಡ್‌ಮಾಸ್ಟರುಗಳನ್ನು ಮಾತಾಡಿಸಿ ನೋಡಿ. ಒಂದು ಮೊಟ್ಟೆಗೆ ಆರು ರೂಪಾಯಿ ಇಟ್ಟಾಗ ಅದರಲ್ಲಿ ಖರೀದಿಗೆ 5 ರೂಪಾಯಿ 20 ಪೈಸೆ, ಬೇಯಿಸುವ ಗ್ಯಾಸಿಗೆ 50 ಪೈಸೆ, ಸುಲಿಯುವ ಕೂಲಿ 30 ಪೈಸೆ. ಅಂಗಡಿಯಲ್ಲಿ ಮೊಟ್ಟೆ ಆರೂವರೆಯೋ ಏಳೋ ಆದ ತಿಂಗಳು ಉಳಿದದ್ದನ್ನು ಮೇಷ್ಟರು ಜೇಬಿನಿಂದ ಹಾಕಬೇಕು, ಇಲ್ಲವೇ ಪುಸ್ತಕದಲ್ಲಿ ಬೇಯಿಸಬೇಕು. ಫೌಂಡೇಷನ್ನಿನವರು ಶಾಲೆಗಳಿಗೆ ಹೋಗಿ ನೋಡುತ್ತಾರೆ, ಇಲಾಖೆಯವರೂ ನೋಡುತ್ತಾರೆ. ದರ ಏರಿದಾಗ ತಕ್ಷಣ ಅನುದಾನ ಏರಿಸುವವರು ಯಾರು ಎನ್ನುವುದಕ್ಕೆ ಮೇಷ್ಟರ ಹತ್ತಿರ ಉತ್ತರವಿಲ್ಲ.

2024ಕ್ಕೆ ಮೂರು ಕೂಡಿಸಿದರೆ 2027. ಆ ವರ್ಷದ ಆಯವ್ಯಯ ಪುಸ್ತಕ ಬಂದಾಗ ಶಾಲಾ ಶಿಕ್ಷಣ ಇಲಾಖೆಯ ಪುಟ ತೆರೆದು, ನಾಲ್ಕು ದಿನದ ಮೊಟ್ಟೆಯ ಎದುರು ಯಾವ ಮೊತ್ತ ಬರೆದಿದೆ ಎಂದು ನಿಮ್ಮಲ್ಲಿ ಯಾರಾದರೂ ನೋಡಿ. ಏನೂ ಬರೆದಿಲ್ಲವಾದರೆ ನಿಮ್ಮ ಶಾಸಕರಿಗೆ ಫೋನ್ ಮಾಡಿ. ಫೌಂಡೇಷನ್ನಿಗೆ ಮಾಡಬೇಡಿ.